ಕೋವಿ ಎಲ್ಲಿಡಬೇಕು, ಬೀಗದಕೈ ಎಲ್ಲಿಡಬೇಕು

ಕೊಡಗಿನ ಹಳೆಯ ಮನೆಗಳಲ್ಲಿ ಕೋವಿಗೆ ಒಂದು ಗೂಟವಿರುತ್ತದೆ. ಹಿರಿಯರ ಫೋಟೊಗಳ ಪಕ್ಕದಲ್ಲೋ, ಮಲಗುವ ಕೋಣೆಯ ಬಾಗಿಲ ಹಿಂದೆಯೋ. ನಮ್ಮಜ್ಜನ ಜೋಡಿ ನಳಿಗೆಯ ಕೋವಿಯೂ ಹಾಗೇ ತೂಗುತ್ತಿತ್ತು. ತೋಟಾಗಳು ಅದೇ ಕೋಣೆಯ ಬೀರುವಿನಲ್ಲಿ, ಮಡಿಸಿಟ್ಟ ಬಟ್ಟೆಗಳ ಅಡಿಯಲ್ಲಿ. ಬೀರುವಿನ ಬೀಗದಕೈ ಬೀರುವಿನ ತಲೆಯ ಮೇಲೆ. ಮಕ್ಕಳಿಗೆ ಇದೆಲ್ಲ ಗೊತ್ತಿಲ್ಲ ಎಂದು ದೊಡ್ಡವರು ನಂಬಿದ್ದರು. ನಮಗೆ ಎಲ್ಲವೂ ಗೊತ್ತಿತ್ತು. ಕುರ್ಚಿ ಎಳೆದು ಹತ್ತಿದರೆ ಬೀಗದಕೈ ಕೈಗೆ ಸಿಗುತ್ತದೆ ಎಂಬುದೂ ಗೊತ್ತಿತ್ತು.

ಈಗ ನನ್ನ ಮನೆಯಲ್ಲೂ ಮಕ್ಕಳಿದ್ದಾರೆ, ಆ ಕೋವಿ ನನ್ನ ಬಳಿ ಇದೆ. ಅದನ್ನು ಇಡಲು ಒಂದು ಗನ್ ಸೇಫ್, ಅಂದರೆ ಬೀಗವಿರುವ ಉಕ್ಕಿನ ಪೆಟ್ಟಿಗೆ, ಬೇಕು ಎಂದು ಹುಡುಕಲು ಹೊರಟಾಗ ಅಂಗಡಿಯವರು ಹೇಳಿದ್ದೆಲ್ಲ ಕಳ್ಳರ ವಿಷಯ: ಎಷ್ಟು ದಪ್ಪದ ತಗಡು, ಎಷ್ಟು ಬೋಲ್ಟು, ಎಂಥ ಬೀಗ. ಕೋವಿಯಿರುವ ಮನೆಯಲ್ಲಿ ಮೊದಲು ಯೋಚಿಸಬೇಕಾದದ್ದು ಕಳ್ಳನ ಬಗ್ಗೆ ಅಲ್ಲ. ಅದೇ ಸೂರಿನಡಿ ಇರುವವರ ಬಗ್ಗೆ. ಕುತೂಹಲದ ಮಗು, ಸಿಟ್ಟಿನ ಅಥವಾ ದುಃಖದ ಒಂದು ಗಳಿಗೆಯಲ್ಲಿರುವ ದೊಡ್ಡವರು. ಆಮೇಲೆ ಕಳ್ಳ. ನಮ್ಮ ಕಡೆಯಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಯಾರಿಂದ ಕಾಪಾಡಬೇಕು ಎಂಬುದು ಸ್ಪಷ್ಟವಾದರೆ ಯಾವ ಪೆಟ್ಟಿಗೆ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮಕ್ಕಳ ವಿಷಯದಲ್ಲಿ ದೊಡ್ಡವರ ನಂಬಿಕೆ ಎಷ್ಟು ಸಡಿಲ ಎಂಬುದಕ್ಕೆ ಅಮೆರಿಕದ ಅಲಬಾಮಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಬಂದೂಕಿರುವ ಮನೆಗಳ ಪೋಷಕರನ್ನೂ ಮಕ್ಕಳನ್ನೂ ಬೇರೆಬೇರೆಯಾಗಿ ಕೇಳಿದರು. ಬಂದೂಕು ಎಲ್ಲಿದೆ ಎಂದು ಮಗುವಿಗೆ ಗೊತ್ತಿಲ್ಲ ಎಂದ ಪೋಷಕರಲ್ಲಿ ಶೇ 39ರಷ್ಟು ಜನರ ಮಾತನ್ನು ಅವರ ಮಕ್ಕಳೇ ಸುಳ್ಳು ಮಾಡಿದರು. ನಮ್ಮ ಮಗು ಅದನ್ನು ಮುಟ್ಟಿಲ್ಲ ಎಂದವರಲ್ಲೂ ಶೇ 22ರಷ್ಟು ಜನರ ಮಕ್ಕಳು ಮುಟ್ಟಿದ್ದೇವೆ ಎಂದರು. ಬಚ್ಚಿಡುವುದು ಬೇರೆ, ಬೀಗ ಹಾಕುವುದು ಬೇರೆ.

2005ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ ನಾಲ್ಕು ಅಭ್ಯಾಸಗಳನ್ನು ತೂಗಿ ನೋಡಿತು: ಬಂದೂಕಿಗೆ ಬೀಗ, ಬಂದೂಕಿನಲ್ಲಿ ಗುಂಡಿಲ್ಲದಿರುವುದು, ತೋಟಾಗಳಿಗೆ ಬೀಗ, ತೋಟಾಗಳು ಬೇರೆ ಕಡೆ ಇರುವುದು. ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳು ಮತ್ತು ಹದಿಹರೆಯದವರು ತಮ್ಮ ಮೇಲೆ ಗುಂಡು ಹಾರಿಸಿಕೊಳ್ಳುವುದನ್ನೂ ಆಕಸ್ಮಿಕವಾಗಿ ಗಾಯಗೊಳ್ಳುವುದನ್ನೂ ಕಡಿಮೆ ಮಾಡುವುದರ ಜೊತೆ ತಳಕು ಹಾಕಿಕೊಂಡಿತ್ತು. ತಮ್ಮ ಮೇಲೆ ತಾವೇ ಗುಂಡು ಹಾರಿಸಿಕೊಳ್ಳುವವರ ಮಾತು ಹೇಳಲು ಕಷ್ಟ, ಆದರೆ ಹೇಳಲೇಬೇಕು. ಜೀವ ಬೇಡ ಅನ್ನಿಸುವ ಆ ತೀವ್ರ ಗಳಿಗೆ ಅನೇಕರಿಗೆ ಬಂದು ಹೋಗುವಂಥದ್ದು. ಆ ಹೊತ್ತಿಗೆ ಕೋವಿ ಕೈಗೆ ಸಿಗದಿದ್ದರೆ, ತೋಟಾ ಮತ್ತೊಂದು ಬೀಗದ ಹಿಂದಿದ್ದರೆ, ಆ ಕೆಲವು ನಿಮಿಷಗಳೇ ಒಂದು ಜೀವ ಉಳಿಸಬಹುದು. ಮನೆಯಲ್ಲಿ ಯಾರಾದರೂ ಕುಗ್ಗಿಹೋಗಿದ್ದಾರೆ ಅನ್ನಿಸಿದರೆ ಎಷ್ಟೇ ಒಳ್ಳೆಯ ಪೆಟ್ಟಿಗೆಯಿದ್ದರೂ ನೆಚ್ಚಿಕೊಳ್ಳಬೇಡಿ. ಕೋವಿಯನ್ನು ಸ್ವಲ್ಪ ಕಾಲ ಮನೆಯಿಂದ ಹೊರಗೆ, ಕಾನೂನುಬದ್ಧವಾಗಿ ಇಡುವ ಏರ್ಪಾಡು ಮಾಡಿ. ಮಾತನಾಡಲು 14416ರಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಕನ್ನಡದಲ್ಲೇ ಮಾತನಾಡಬಹುದು.

ಕಾನೂನು ಏನು ಕೇಳುತ್ತದೆ

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನವರಿಗೂ) ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಳಿದವರಿಗೆ, ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡಿರುವ ರೈತರಿಗೂ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಪರವಾನಗಿಯಲ್ಲಿ ಸಾಮಾನ್ಯವಾಗಿ ಎರಡೇ ಬಂದೂಕು, ಅವಧಿ ಐದು ವರ್ಷ. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷಿತವಾಗಿಡುವ ಹೊಣೆಯನ್ನು ಪರವಾನಗಿದಾರನ ಮೇಲೆ ಹೊರಿಸುತ್ತವೆ. ಕೋವಿ ಕಳುವಾದರೆ ತಡಮಾಡದೆ ಪೊಲೀಸ್ ಠಾಣೆಗೆ ತಿಳಿಸಬೇಕು.

ವಿನಾಯಿತಿ ಇರುವುದು ಪರವಾನಗಿಗೆ, ಅಜಾಗರೂಕತೆಗೆ ಅಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆ. ಕೋವಿ ಹಕ್ಕಿನ ಬಗ್ಗೆ ನಮಗಿರುವ ಹೆಮ್ಮೆಯಷ್ಟೇ ಜೋರಾಗಿ ಈ ಮಾತೂ ನಮ್ಮ ಸಭೆಗಳಲ್ಲಿ ಕೇಳಿಬರಬೇಕು ಎಂಬುದು ನನ್ನ ಆಸೆ.

ತಗಡು, ತೂಕ, ಬೋಲ್ಟು

ಮನೆಯ ಸಾಮಾನ್ಯ ಬೀರುವಿನ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಬಾಗಿಲ ಸಂದಿಗೆ ಹಾರೆ ಸಿಕ್ಕಿಸಿ ಒತ್ತಿದರೆ ಬಾಗುತ್ತದೆ. ಅದು ಮಗುವನ್ನು ತಡೆಯಬಲ್ಲದು, ಕಳ್ಳನನ್ನಲ್ಲ. ಬಂದೂಕಿಗೆಂದೇ ಮಾಡಿದ ಪೆಟ್ಟಿಗೆಯಲ್ಲಿ ಮೈಯ ತಗಡು ಕನಿಷ್ಠ ಎರಡು, ಸಾಧ್ಯವಾದರೆ ಮೂರು ಮಿಲಿಮೀಟರ್ ಇರಲಿ. ಬಾಗಿಲು ಅದಕ್ಕಿಂತ ದಪ್ಪವಿರಲಿ. ಗೇಜ್ ಲೆಕ್ಕದಲ್ಲಿ ಹೇಳಿದರೆ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ: 14 ಗೇಜ್ ಎಂದರೆ ಸುಮಾರು 2 ಮಿ.ಮೀ., 12 ಗೇಜ್ ಎಂದರೆ ಸುಮಾರು 2.7 ಮಿ.ಮೀ. ಬೋಲ್ಟುಗಳ ಸಂಖ್ಯೆಗೆ ಮರುಳಾಗಬೇಡಿ. ಹತ್ತು ಬೋಲ್ಟು ತೆಳು ಚೌಕಟ್ಟಿಗೆ ಹೋಗಿ ಕೂತರೆ ಚೌಕಟ್ಟೇ ಬಾಗುತ್ತದೆ. ಬಾಗಿಲು ಮುಚ್ಚಿದಾಗ ಸಂದಿ ಎಷ್ಟಿದೆ ಎಂದು ಕಣ್ಣಿಟ್ಟು ನೋಡಿ.

ವಿದೇಶಿ ಸೇಫ್‌ಗಳ ಮೇಲೆ ‘ಆರ್‌ಎಸ್‌ಸಿ’ (ರೆಸಿಡೆನ್ಶಿಯಲ್ ಸೆಕ್ಯುರಿಟಿ ಕಂಟೈನರ್, ಮನೆಬಳಕೆಯ ಭದ್ರತಾ ಪೆಟ್ಟಿಗೆ) ಎಂಬ ಮುದ್ರೆ ಕಾಣುತ್ತದೆ. ಅದರ ಮೊದಲ ಹಂತದ ಅರ್ಥ ಇಷ್ಟೆ: ಒಬ್ಬ ವ್ಯಕ್ತಿ ಕೈ ಸಲಕರಣೆಗಳಿಂದ ಐದು ನಿಮಿಷ ದಾಳಿ ಮಾಡಿದರೂ ತೆರೆಯಲಿಲ್ಲ. ಐದೇ ನಿಮಿಷ. ಗ್ರೈಂಡರ್ ಹಿಡಿದು ಬಂದವನ ಮುಂದೆ ಮನೆಬಳಕೆಯ ಯಾವ ಪೆಟ್ಟಿಗೆಯೂ ಬಹಳ ಹೊತ್ತು ನಿಲ್ಲದು. ಜರ್ಮನಿಯಲ್ಲಿ 2017ರ ಜುಲೈನಿಂದ ಹೊಸದಾಗಿ ಬಂದೂಕು ಇಡುವವರು ಯುರೋಪಿನ ‘ಇಎನ್ 1143-1’ ಮಾನದಂಡದ ಸೊನ್ನೆ ದರ್ಜೆಯ ಪೆಟ್ಟಿಗೆಯನ್ನಾದರೂ ಕೊಳ್ಳಲೇಬೇಕು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲದ ಕಾರಣ ಕಣ್ಣೂ ಬುದ್ಧಿಯೂ ನಮ್ಮವೇ ಆಗಬೇಕು.

ಅಳತೆಯ ವಿಷಯದಲ್ಲಿ ಅನೇಕರು ಸುಮ್ಮನೆ ಹಣ ಸುರಿಯುತ್ತಾರೆ. ಒಂದೋ ಎರಡೋ ಕೋವಿಯಿರುವ ಮನೆಗೆ ಇಪ್ಪತ್ತು ಬಂದೂಕಿನ ಕಪಾಟು ಏಕೆ? ಇಡಿಯಾಗಿ ನಿಲ್ಲಿಸಬೇಕಾದರೆ ಜೋಡಿ ನಳಿಗೆಯ 12 ಬೋರ್ ಕೋವಿಗೆ ಸುಮಾರು 120 ಸೆಂಟಿಮೀಟರ್ ಎತ್ತರ ಬೇಕು. ಆದರೆ ಅದು ನಳಿಗೆ, ನಳಿಗೆಯಡಿಯ ಮರದ ತುಂಡು, ಹಿಡಿ ಎಂದು ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತದೆ. ಆಗ ಅತಿ ಉದ್ದದ ಭಾಗ 30 ಇಂಚಿನ ನಳಿಗೆ, ಅಂದರೆ 76 ಸೆಂಟಿಮೀಟರ್. ಬಿಚ್ಚಿಟ್ಟರೆ ಪೆಟ್ಟಿಗೆಯೂ ಚಿಕ್ಕದಾಗುತ್ತದೆ, ಕೈಗೆ ಸಿಕ್ಕವರಿಗೆ ಅದು ಕೂಡಲೇ ಕೋವಿಯಾಗಿಯೂ ಸಿಗುವುದಿಲ್ಲ. ಈಗಲೇ ಸೇಫ್ ಕೊಳ್ಳಲಾಗದವರಿಗೂ ಇದೇ ದಾರಿ: ನಳಿಗೆಯಡಿಯ ಮರದ ತುಂಡನ್ನು ಬೇರೆ ಬೀಗದ ಹಿಂದಿಡಿ, ನಳಿಗೆಯೊಳಗೆ ಹಾಯುವ ಕೇಬಲ್ ಬೀಗ ಹಾಕಿ. ಪೂರ್ಣ ಪರಿಹಾರವಲ್ಲ, ಆದರೆ ಗೂಟಕ್ಕಿಂತ ನೂರು ಪಾಲು ಮೇಲು.

ಅರವತ್ತು ಕಿಲೋ ತೂಗುವ ಪೆಟ್ಟಿಗೆಯನ್ನು ಇಬ್ಬರು ಎತ್ತಿ ಜೀಪಿಗೆ ಹಾಕಿಕೊಂಡು ಹೋಗಬಹುದು. ಆಮೇಲೆ ಯಾವುದೋ ಶೆಡ್ಡಿನಲ್ಲಿ ನಿಧಾನವಾಗಿ ಕತ್ತರಿಸಬಹುದು. ಆದ್ದರಿಂದ ನೆಲಕ್ಕೆ ಬಿಗಿಯದ ಸೇಫ್ ಸೇಫೇ ಅಲ್ಲ. ಇಲ್ಲಿ ಹಳೆಯ ಮನೆಗಳಲ್ಲಿ ಒಂದು ತೊಡಕಿದೆ. ಐನ್‌ಮನೆಯ ಮಣ್ಣಿನ ಗೋಡೆಯಲ್ಲಿ ಆ್ಯಂಕರ್ ಬೋಲ್ಟ್ ಹಿಡಿಯುವುದಿಲ್ಲ, ತಿರುಪಿದಷ್ಟೂ ಮಣ್ಣು ಉದುರುತ್ತದೆ. ಮರದ ಅಟ್ಟ ತೂಕ ತಾಳುವುದಿಲ್ಲ. ನೆಲದಲ್ಲಿ ಒಂದಡಿ ಅಗೆದು ಕಬ್ಬಿಣದ ಸರಳು ಹಾಕಿ ಕಾಂಕ್ರೀಟ್ ಹಾಸು ಮಾಡಿಸಿ, ಅದು ಗಟ್ಟಿಯಾದ ಮೇಲೆ ಪೆಟ್ಟಿಗೆಯ ತಳದ ತೂತುಗಳಿಂದ ಬೋಲ್ಟ್ ಬಿಗಿಯಿರಿ. ಕೋಣೆಯ ಮೂಲೆಯಲ್ಲಿ, ಎರಡು ಕಡೆ ಗೋಡೆ ಇರುವಂತೆ ಕೂರಿಸಿದರೆ ಹಾರೆ ಆಡಿಸಲು ಜಾಗ ಸಿಗುವುದಿಲ್ಲ. ಬಾಗಿಲ ಅಂಚು ಗೋಡೆಯ ಕಡೆಗೆ ಬರುವಂತಿದ್ದರೆ ಇನ್ನೂ ಒಳ್ಳೆಯದು.

ಎಲ್ಲಿ ಎಂಬುದಕ್ಕೆ ನನ್ನದೇ ಒಂದು ಅಭಿಪ್ರಾಯವಿದೆ. ಮನೆಯ ಅತ್ಯಂತ ಒಳಗಿನ ಕೋಣೆಯಲ್ಲಿಡಿ ಎಂದು ಎಲ್ಲರೂ ಹೇಳುತ್ತಾರೆ. ಹಂದಿ ಓಡಿಸಿ ರಾತ್ರಿ ಎರಡು ಗಂಟೆಗೆ ನೆನೆದು ಬಂದವನು ಮೂರು ಕೋಣೆ ದಾಟಿ, ಮಲಗಿದವರನ್ನು ಎಬ್ಬಿಸಿ ಬೀಗ ತೆಗೆಯುತ್ತಾನೆಯೇ? ಬಾಗಿಲ ಮೂಲೆಗೆ ಒರಗಿಸಿ ಮಲಗುತ್ತಾನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವುದು ಮಗು. ದಣಿದ ಮನುಷ್ಯನೂ ಸೋಮಾರಿತನ ಮಾಡದೆ ಬಳಸುವ ಜಾಗದಲ್ಲಿ, ಆದರೆ ಬಂದವರ ಕಣ್ಣಿಗೆ ಬೀಳದಂತೆ ಇರಲಿ.

ಬೀಗ

ಕೀಲಿಯ ಬೀಗ ಸರಳ, ಕರೆಂಟು ಬ್ಯಾಟರಿ ಬೇಡ, ಮಳೆಗಾಲದಲ್ಲೂ ನಂಬಬಹುದು. ಆದರೆ ಬೀಗದಕೈ ಎಂಬ ಇನ್ನೊಂದು ವಸ್ತುವನ್ನು ಕಾಪಾಡಬೇಕು. ತಿರುಗುವ ಡಯಲ್ ಬೀಗ ದಶಕಗಳ ಕಾಲ ಬಾಳುತ್ತದೆ, ತೆರೆಯಲು ನಿಧಾನ. ಅಂಕಿ ಒತ್ತುವ ಎಲೆಕ್ಟ್ರಾನಿಕ್ ಬೀಗಗಳಲ್ಲಿ ಅಗ್ಗದವು ದೊಡ್ಡ ಮೋಸ. ಒಳಗಿನ ಪುಟ್ಟ ವಿದ್ಯುತ್ ಅಯಸ್ಕಾಂತದ ಪಿನ್ನು ಪೆಟ್ಟಿಗೆಯ ನೆತ್ತಿಗೆ ಗುದ್ದಿದಾಗಲೇ ಹಾರಿ ಬಾಗಿಲು ತೆರೆದುಕೊಳ್ಳುವಂಥವು ಮಾರುಕಟ್ಟೆಯಲ್ಲಿವೆ. ತುರ್ತಿಗೆಂದು ಬ್ಯಾಟರಿ ಮುಚ್ಚಳದಡಿ ಕೊಟ್ಟಿರುವ ಕೀಲಿ ರಂಧ್ರ ಬಹಳ ಸಲ ಇಡೀ ಪೆಟ್ಟಿಗೆಯ ಅತಿ ದುರ್ಬಲ ಜಾಗ. ಕಾರ್ಖಾನೆಯಿಂದ ಬಂದ ಅಂಕಿಯನ್ನು ಮೊದಲ ದಿನವೇ ಬದಲಿಸಿ; ಜೀಪಿನ ನಂಬರು, ಮಗಳು ಹುಟ್ಟಿದ ವರ್ಷ ಬೇಡ. ಮನೆಯವರು ಊಹಿಸುವ ಮೊದಲ ಅಂಕಿಗಳೇ ಅವು.

ಬೆರಳಚ್ಚಿನ ಬೀಗದ ಬಗ್ಗೆ ನನಗೆ ಅಷ್ಟು ವಿಶ್ವಾಸವಿಲ್ಲ. ತೋಟದ ಕೆಲಸದ ಕೈಗಳಲ್ಲಿ ಬೆರಳ ಗೆರೆ ಸವೆದಿರುತ್ತದೆ, ಮಳೆಯಲ್ಲಿ ಚರ್ಮ ಮುದುಡಿರುತ್ತದೆ, ನಿಮಗೇ ತೆರೆಯದು. ಬೇರೆಯವರಿಗೆ ತೆರೆದರೆ ಅದಕ್ಕಿಂತ ಭಯಂಕರ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2023ರ ಅಕ್ಟೋಬರ್‌ನಲ್ಲಿ ಸುಮಾರು 61,000 ಬೆರಳಚ್ಚಿನ ಗನ್ ಸೇಫ್‌ಗಳನ್ನು ಹಿಂದಕ್ಕೆ ಕರೆಸಿತು. ಬೆರಳು ನೋಂದಾಯಿಸಿದ್ದೇನೆ ಎಂದು ಮಾಲೀಕ ತಿಳಿದಿರುತ್ತಿದ್ದ, ಬೀಗ ಮಾತ್ರ ಯಾರ ಬೆರಳಿಗೂ ತೆರೆಯುವ ಮೂಲ ಸ್ಥಿತಿಯಲ್ಲೇ ಇರಬಹುದಿತ್ತು. ಅದಕ್ಕೆ ಸಂಬಂಧಿಸಿದ ಒಂದು ಮೊಕದ್ದಮೆ 12 ವರ್ಷದ ಹುಡುಗನ ಸಾವಿನದು. ಅಂಥ ಬೀಗವೇ ನಿಮ್ಮಲ್ಲಿದ್ದರೆ ಈ ಹೊತ್ತೇ ಮನೆಯ ಬೇರೊಬ್ಬರ ಬೆರಳು ಇಟ್ಟು ನೋಡಿ.

ಮಳೆ

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಚಪ್ಪಲಿಗೆ ಬೂಷ್ಟು ಬರುವ, ಉಪ್ಪು ನೀರಾಗುವ ಊರಿನಲ್ಲಿ ಕಬ್ಬಿಣದ ಮುಚ್ಚಿದ ಪೆಟ್ಟಿಗೆಯೊಳಗೆ ಏನಾಗುತ್ತದೆ? ಬಾಗಿಲು ತೆರೆದಾಗಲೆಲ್ಲ ಒದ್ದೆ ಗಾಳಿ ಒಳಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಆ ತೇವ ತಣ್ಣನೆಯ ಉಕ್ಕಿನ ಮೇಲೆ ಕೂರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 60 ದಾಟಿದರೆ ತುಕ್ಕು ಚುರುಕಾಗುತ್ತದೆ, ಶೇ 50ರ ಆಸುಪಾಸಿನಲ್ಲಿದ್ದರೆ ಕೋವಿ ನೆಮ್ಮದಿಯಿಂದಿರುತ್ತದೆ. ಒಂದು ಮಳೆಗಾಲ ನಾನು ಕೋವಿಯನ್ನು ಬಟ್ಟೆಯ ಚೀಲದಲ್ಲಿಯೇ ಇಟ್ಟು ಮರೆತೆ. ಸೆಪ್ಟೆಂಬರ್‌ನಲ್ಲಿ ತೆಗೆದಾಗ ನಳಿಗೆಯ ಮೇಲೆ ನನ್ನ ಹೆಬ್ಬೆರಳ ಗುರುತು ತುಕ್ಕಿನಲ್ಲಿ ಅಚ್ಚೊತ್ತಿತ್ತು. ಕೈಬೆವರಿನ ಉಪ್ಪು ಅಷ್ಟು ಕೆಲಸ ಮಾಡುತ್ತದೆ. ಅಜ್ಜನ ಕೈ ಓಡಾಡಿದ ಉಕ್ಕದು. ಅದನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ.

ಬಟ್ಟೆ, ಚರ್ಮ, ಫೋಮ್ ಎಲ್ಲವೂ ನೀರು ಹೀರಿ ಹಿಡಿದಿಡುತ್ತವೆ. ಸೇಫ್ ಒಳಗೆ ಕೋವಿ ಬರಿಮೈಯಲ್ಲಿರಲಿ, ಒಣ ಬಟ್ಟೆಯಿಂದ ಒರೆಸಿ ತೆಳ್ಳಗೆ ಗನ್ ಆಯಿಲ್ ಸವರಿ ಇಡಿ. ತೆಂಗಿನೆಣ್ಣೆ ಬೇಡ, ಕಾಲ ಕಳೆದಂತೆ ಅಂಟಾಗುತ್ತದೆ. ಇಡಿಯಾಗಿ ನಿಲ್ಲಿಸುವುದಾದರೆ ನಳಿಗೆಯ ಬಾಯಿ ಕೆಳಗೆ ಮಾಡಿ. ಇಲ್ಲದಿದ್ದರೆ ಹೆಚ್ಚಾದ ಎಣ್ಣೆ ಇಳಿದು ಹಿಡಿಯ ಮರದ ಬುಡ ಮೆತ್ತಗಾಗುತ್ತದೆ.

ತೇವ ತೆಗೆಯಲು ಎರಡು ಉಪಾಯ. ಒಂದು, ಪೆಟ್ಟಿಗೆಯ ತಳದಲ್ಲಿಡುವ ಬಿಸಿ ಸರಳು. ಅದು ಒಳಗಿನ ಗಾಳಿಯನ್ನು ಕೆಲವೇ ಡಿಗ್ರಿ ಬೆಚ್ಚಗಿಡುತ್ತದೆ. ಗಾಳಿ ಬೆಚ್ಚಗಾದಷ್ಟೂ ಅದರಲ್ಲಿನ ನೀರು ಉಕ್ಕಿನ ಮೇಲೆ ಕೂರುವುದು ಕಡಿಮೆ. ಹಿಂದೆ ನಮ್ಮವರು ಬೀರುವಿನೊಳಗೆ ಪುಟ್ಟ ಬಲ್ಬ್ ಉರಿಸುತ್ತಿದ್ದುದೂ ಇದೇ ತತ್ವ, ಆದರೆ ಬಟ್ಟೆ ತಗುಲಿದರೆ ಬೆಂಕಿ. ತೊಂದರೆಯೆಂದರೆ ಮಳೆ ಜೋರಾದ ದಿನವೇ ಕೊಡಗಿನಲ್ಲಿ ಕರೆಂಟು ಇರುವುದಿಲ್ಲ. ಆದ್ದರಿಂದ ಎರಡನೆಯದು, ಸಿಲಿಕಾ ಜೆಲ್, ಇದ್ದೇ ಇರಬೇಕು. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ನೀರು ಹೀರಬಲ್ಲದು. ಎರಡು ಕೋವಿಯ ಪೆಟ್ಟಿಗೆಗೆ ಅರ್ಧ ಕಿಲೋ ಹಾಕಿ. ಬಣ್ಣ ಬದಲಿಸುವ ಕಿತ್ತಳೆ ಹರಳು ಕೊಂಡರೆ ತುಂಬಿದಾಗ ಹಸಿರಾಗಿ ತಾನೇ ಹೇಳುತ್ತದೆ. ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಸಿದ್ಧ. ಜುಲೈನಲ್ಲಿ ವಾರಕ್ಕೊಮ್ಮೆ ಒಣಗಿಸಬೇಕಾದೀತು. ಕಾಫಿ ಬೀಜಕ್ಕೆ ತೇವಾಂಶ ಅಳೆಯುವ ಯಂತ್ರ ಇಟ್ಟುಕೊಂಡಿರುವ ನಾವು ಕೋವಿಯ ಪೆಟ್ಟಿಗೆಗೂ ಕೆಲವು ನೂರು ರೂಪಾಯಿಯ ಆರ್ದ್ರತಾ ಮಾಪಕ ಇಡುವುದು ದೊಡ್ಡ ಮಾತಲ್ಲ.

‘ಬೆಂಕಿ ನಿರೋಧಕ’ ಸೇಫ್ ಕೊಳ್ಳುವ ಮೊದಲು ಒಂದು ನಿಮಿಷ ಯೋಚಿಸಿ. ಅವುಗಳ ಗೋಡೆಯೊಳಗೆ ಹೆಚ್ಚಾಗಿ ಜಿಪ್ಸಂ ಹಲಗೆಯಿರುತ್ತದೆ. ಜಿಪ್ಸಂನ ತೂಕದಲ್ಲಿ ಐದನೇ ಒಂದು ಭಾಗದಷ್ಟು ನೀರೇ. ಬೆಂಕಿ ಬಿದ್ದಾಗ ಆ ನೀರು ಆವಿಯಾಗುತ್ತ ಒಳಗನ್ನು ತಂಪಾಗಿಡುತ್ತದೆ. ಅದೇ ಗೋಡೆ ಉಳಿದ ದಿನಗಳಲ್ಲಿ ಪೆಟ್ಟಿಗೆಯೊಳಗನ್ನು ತೇವವಾಗಿಯೂ ಇಡಬಹುದು. ಜಾಗದ ಪತ್ರಗಳನ್ನೂ ಅದರಲ್ಲೇ ಇಡುವವರಿಗೆ ಅದು ಬೇಕಾದೀತು. ಬರೀ ಕೋವಿಗಾದರೆ, ನಮ್ಮ ಹವೆಯಲ್ಲಿ, ನಾನು ಬೇಡ ಎನ್ನುತ್ತೇನೆ. ಆ ಹಣದಲ್ಲಿ ದಪ್ಪ ತಗಡು ಕೊಳ್ಳಿ.

ತೋಟಾ ಮತ್ತು ಮದ್ದು

ಒಳಗಿಡುವ ಮೊದಲು ಕೋವಿಯ ಬಾಯಿ ತೆರೆದು ಕಣ್ಣಿಂದ ನೋಡಿ, ಬೆರಳು ಹಾಕಿ ಮುಟ್ಟಿ ನೋಡಿ. ಕತ್ತಲಲ್ಲಿ ಕಣ್ಣು ತಪ್ಪುತ್ತದೆ, ಬೆರಳು ತಪ್ಪುವುದಿಲ್ಲ. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ಬೆಂಕಿ ಬಿದ್ದಾಗ ಬಿಡಿ ತೋಟಾ ಸಿಡಿದರೂ ನಳಿಗೆಯಿಂದ ಹೊರಟ ವೇಗ ಅದಕ್ಕಿರುವುದಿಲ್ಲ. ಕೋವಿಯೊಳಗೇ ಇದ್ದ ತೋಟಾ ಮಾತ್ರ ಬಿಸಿಗೆ ತಾನೇ ಹಾರಿ ಗೋಡೆಯಾಚೆಯವರನ್ನೂ ಕೊಲ್ಲಬಲ್ಲದು. ಬಾಯಿಂದ ಮದ್ದು ತುಂಬಿ ಹಾರಿಸುವ ಕೇಪಿನ ಹಳೇ ಕೋವಿಯಿರುವ ಮನೆಯವರು ಇನ್ನೊಂದು ಗಮನಿಸಬೇಕು. ಕರಿ ಮದ್ದನ್ನು ಉಕ್ಕಿನ ಸೇಫಿನೊಳಗೆ ಎಂದೂ ಇಡಬಾರದು. ತೆರೆದ ಜಾಗದಲ್ಲಿ ಭುಗ್ಗೆಂದು ಉರಿದುಹೋಗುವ ಮದ್ದು ಬಿಗಿಯಾದ ಉಕ್ಕಿನೊಳಗೆ ಬಾಂಬ್ ಆಗುತ್ತದೆ. ದಪ್ಪ ಮರದ ಪೆಟ್ಟಿಗೆಯಲ್ಲಿ, ಒಲೆಯಿಂದ ದೂರ, ಬೀಗ ಹಾಕಿ ಇಡಿ.

ಬೀಗದಕೈ

ಇಷ್ಟೆಲ್ಲ ಮಾಡಿ ಬೀಗದಕೈಯನ್ನು ಬೀರುವಿನ ತಲೆಯ ಮೇಲಿಟ್ಟರೆ ನಮ್ಮಜ್ಜನ ಕಾಲಕ್ಕೇ ವಾಪಸು. ಜರ್ಮನಿಯಲ್ಲಿ ಒಬ್ಬ ಬೇಟೆಗಾರನ ಗನ್ ಸೇಫ್ ನಿಯಮದಂತೆಯೇ ಇತ್ತು, ಬೀಗದಕೈ ಮಾತ್ರ ಅದಕ್ಕಿಂತ ದುರ್ಬಲವಾದ ಉಕ್ಕಿನ ಡಬ್ಬಿಯಲ್ಲಿತ್ತು. ಕಳ್ಳರು ಡಬ್ಬಿ ಒಡೆದು, ಸೇಫನ್ನು ಸಲೀಸಾಗಿ ಬೀಗದಕೈಯಿಂದ ತೆರೆದರು. ಮ್ಯೂನ್‌ಸ್ಟರ್‌ನ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಹೇಳಿತು: ಬಂದೂಕು ಎಷ್ಟು ಭದ್ರವಾದ ಪೆಟ್ಟಿಗೆಯಲ್ಲಿರಬೇಕೋ ಬೀಗದಕೈಯೂ ಅಷ್ಟೇ ಭದ್ರವಾದ ಪೆಟ್ಟಿಗೆಯಲ್ಲಿರಬೇಕು. ತೀರ್ಪು ಓದಿದ ಮೇಲೆ ನಾನು ಕೀಲಿಯ ಬೀಗ ಬಿಟ್ಟು ಡಯಲ್ ಬೀಗಕ್ಕೆ ಬದಲಾದೆ. ಕೀಲಿಯನ್ನೇ ಇಟ್ಟುಕೊಳ್ಳುವವರಿಗೆ ಒಂದೇ ಒಳ್ಳೆಯ ಜಾಗ, ಸೊಂಟದ ಉಡಿದಾರವೋ ಕೊರಳ ಸರವೋ, ಮಲಗುವಾಗಲೂ ಅಲ್ಲೇ. ಎರಡನೇ ಬೀಗದಕೈ ಬ್ಯಾಂಕಿನ ಲಾಕರ್‌ನಲ್ಲಿ.

ತೋಟದ ಲೆಕ್ಕ ನೋಡುವ ರೈಟರ್ ಎಷ್ಟೇ ನಂಬಿಗಸ್ತನಾದರೂ ಬೀಗದಕೈ ಅವನ ಕೈಗೆ ಕೊಡುವಂತಿಲ್ಲ. ಪರವಾನಗಿಯಲ್ಲಿ ರಿಟೈನರ್ (ಒಡೆಯನ ಪರವಾಗಿ ಕೋವಿ ಹಿಡಿಯಬಹುದಾದವನು) ಎಂದು ಹೆಸರಿಲ್ಲದವನ ಕೈಗೆ ಕೋವಿ ಹೋದರೆ ಅದು ಅವನಿಗೂ ಅಪರಾಧ, ನಿಮಗೂ ಅಪರಾಧ. ಇಂಗ್ಲೆಂಡಿನಲ್ಲಂತೂ ಪರವಾನಗಿಯಿಲ್ಲದ ಹೆಂಡತಿಗೋ ಗಂಡನಿಗೋ ಬೀಗದಕೈ ಇರುವ ಜಾಗ ಗೊತ್ತಿರಬಾರದು ಎಂದು ಪೊಲೀಸರು ಕಟ್ಟುನಿಟ್ಟಾಗಿ ಹೇಳುತ್ತಾರೆ. ನಮ್ಮ ಕೂಡು ಮನೆಗಳಲ್ಲಿ ಇದು ಒರಟಾಗಿ ಕೇಳಿಸುತ್ತದೆ ಎಂದು ಬಲ್ಲೆ. ನನ್ನ ಹೆಂಡತಿಗೆ ನಾನು ಇದನ್ನು ಬಾಯಿಬಿಟ್ಟು ವಿವರಿಸಿದೆ, ಅವಳು ನನಗಿಂತ ಬೇಗ ಒಪ್ಪಿದಳು.

ಮಕ್ಕಳೆಲ್ಲ ಬೆಂಗಳೂರಿಗೋ ದುಬೈಗೋ ಹೋಗಿ, ತೋಟದ ಮನೆಯಲ್ಲಿ ವಯಸ್ಸಾದ ಅಪ್ಪ ಒಬ್ಬರೇ ಇರುವ ಮನೆಗಳು ಈಗ ಬಹಳ. ಅವರಿಗೆ ಅಂಕಿ ಮರೆಯತೊಡಗಿದಾಗ, ಚೀಟಿಯಲ್ಲಿ ಬರೆದು ಸೇಫ್ ಬಾಗಿಲಿಗೇ ಅಂಟಿಸಿದ್ದನ್ನು ನಾನು ಕಂಡಿದ್ದೇನೆ. ಆಗ ಮನೆಯವರು ಕೂತು ಮಾತನಾಡಲೇಬೇಕು. ಬಹಳ ದಿನ ಮನೆ ಖಾಲಿಯಿರುವಾಗ ಪರವಾನಗಿಯುಳ್ಳ ಕೋವಿ ಅಂಗಡಿಯವರ ಬಳಿ ಜೋಪಾನಕ್ಕೆ ಒಪ್ಪಿಸಬಹುದು. ಕೋವಿಯ ಒಡೆಯ ತೀರಿಕೊಂಡಾಗ ಅದನ್ನು ಇಟ್ಟುಕೊಳ್ಳುವ ಅರ್ಹತೆ ವಾರಸುದಾರರಿಗೆ ಇನ್ನೂ ಇಲ್ಲದಿದ್ದರೆ, ಕಾಯ್ದೆಯ 21ನೇ ಸೆಕ್ಷನ್ನಿನಂತೆ ತಡಮಾಡದೆ ಠಾಣೆಗೋ ಡೀಲರ್‌ಗೋ ಒಪ್ಪಿಸಿ ರಸೀದಿ ಪಡೆಯಬೇಕು. ಸೇಫಿನ ಅಂಕಿಯನ್ನು ಮುಚ್ಚಿದ ಲಕೋಟೆಯಲ್ಲಿ ಬರೆದು ವಕೀಲರ ಬಳಿಯೋ ಬ್ಯಾಂಕ್ ಲಾಕರ್‌ನಲ್ಲೋ ಇಟ್ಟಿರದಿದ್ದರೆ ಆ ದಿನ ಗ್ಯಾಸ್ ಕಟರ್ ತರಿಸಬೇಕಾಗುತ್ತದೆ.

ನಾಟಿ ಮುಗಿಯುವವರೆಗೆ ಆಯುಧಗಳನ್ನು ಕನ್ನಿಕೋಂಬರೆಯಲ್ಲಿ (ದೇವರ ಕೋಣೆಯಲ್ಲಿ) ಇಟ್ಟು, ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ಹೊರತಂದು, ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸುವ ಪದ್ಧತಿ ನಮ್ಮ ಹಿರಿಯರದು. ಈಗ ನಮ್ಮ ಮನೆಯಲ್ಲಿ ಆ ಬೆಳಿಗ್ಗೆ ಡಯಲ್ ತಿರುಗಿಸಿ ಬಾಗಿಲು ತೆರೆಯುವುದು ನಾನು. ಮಾಪಕ ನೋಡುತ್ತೇನೆ, ಹಸಿರಾದ ಹರಳುಗಳನ್ನು ಒಣಗಲು ಕೊಡುತ್ತೇನೆ, ಬೋಲ್ಟು ಸಡಿಲಾಗಿದೆಯೇ ಎಂದು ಪೆಟ್ಟಿಗೆಯನ್ನು ಅಲ್ಲಾಡಿಸಿ ನೋಡುತ್ತೇನೆ, ಮೂರು ಭಾಗಗಳನ್ನು ಒರೆಸಿ ಮಕ್ಕಳ ಮುಂದೆಯೇ ಜೋಡಿಸುತ್ತೇನೆ. ಪೂಜೆ ಮುಗಿದ ಮೇಲೆ ಅವರೇ ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ಎಂದು ಇಣುಕಿ ನೋಡಿ, ಖಾಲಿ ಎಂದು ಜೋರಾಗಿ ಹೇಳುತ್ತಾರೆ. ಆಮೇಲೆ ಬಿಚ್ಚಿ ಒಳಗಿಟ್ಟು ಡಯಲ್ ತಿರುಗಿಸುವಾಗ ಅವರು ಬೆನ್ನು ತಿರುಗಿಸಿ ನಿಲ್ಲುತ್ತಾರೆ.